ಶಾಕ್ ಬೋಲ್ಟ್ ಕೂರುತ್ತಿಲ್ಲ, ಒಂದು ಬೇರಿಂಗ್ ಗರಗರ ಅನ್ನುತ್ತಿದೆ: ಫುಲ್ ಸಸ್ಪೆನ್ಷನ್ ಫ್ರೇಮನ್ನು ಮನೆಯಲ್ಲೇ ಜೋಡಿಸುವುದು ಹೇಗೆ?

ಪ್ರಶ್ನೆ: ಜರ್ಮನಿಯಲ್ಲಿರುವ ನಮ್ಮ ಭಾವ ಊರಿಗೆ ಬರುವಾಗ ಒಂದು ಸೆಕೆಂಡ್ ಹ್ಯಾಂಡ್ ಫುಲ್ ಸಸ್ಪೆನ್ಷನ್ (ಮುಂದೆ, ಹಿಂದೆ ಎರಡೂ ಕಡೆ ಶಾಕ್ ಇರುವ) ಮೌಂಟನ್ ಬೈಕ್ ಫ್ರೇಮ್ ತಂದುಕೊಟ್ಟರು. ಅಲ್ಯೂಮಿನಿಯಂ ಫ್ರೇಮ್, ಹಿಂದೆ 140 ಮಿಮೀ ಟ್ರಾವೆಲ್ (ಚಕ್ರ ಮೇಲೇಳುವ ದೂರ), 210 × 55 ಅಳತೆಯ (ಉದ್ದ 210, ಕುಗ್ಗುವುದು 55 ಮಿಮೀ), ಗಾಳಿ ತುಂಬುವ ಏರ್ ಶಾಕ್. ಪೆಟ್ಟಿಗೆಯಲ್ಲಿ ಹಿಡಿಸಲಿ ಎಂದು ಹಿಂದಿನ ಭಾಗ, ಲಿಂಕ್, ಶಾಕ್ ಎಲ್ಲ ಬಿಚ್ಚಿ ತಂದಿದ್ದಾರೆ. ಬೋಲ್ಟು, ವಾಷರ್ ಎಲ್ಲ ಒಂದೇ ಕವರಿನಲ್ಲಿವೆ. ನಾನೇ ಜೋಡಿಸಲು ಕೂತೆ. ಪಿವಟ್‌ಗಳನ್ನು (ಹಿಂದಿನ ಭಾಗ ಆಡುವ ಕೀಲುಗಳನ್ನು) ಬಿಗಿ ಮಾಡಿದ ಮೇಲೆ ಶಾಕ್‌ನ ಹಿಂದಿನ ಬೋಲ್ಟ್ ತೂತಿಗೆ ಸರಿಯಾಗಿ ಬರುತ್ತಿಲ್ಲ, ಎರಡು ಮಿಮೀ ಓರೆ ಇದೆ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕೂರಿಸಬಹುದೇ? ಒಂದು ಬೇರಿಂಗ್ ಬೆರಳಲ್ಲಿ ತಿರುಗಿಸಿದರೆ ಗರಗರ ಅನ್ನುತ್ತದೆ. ನಮ್ಮದು ಮೂಡಿಗೆರೆ ಕಡೆ. ಇಲ್ಲಿಯ ಮಳೆಗೆ ಇದನ್ನು ಹೇಗೆ ಕಾಪಾಡಿಕೊಳ್ಳಲಿ?

ಉತ್ತರ:

ಸುತ್ತಿಗೆಯನ್ನು ಸದ್ಯಕ್ಕೆ ಒಳಗಿಟ್ಟುಬಿಡಿ. ಶಾಕ್ ಬೋಲ್ಟ್ ಕೈಯಲ್ಲಿ ತಳ್ಳಿದರೆ ಹೋಗಬೇಕು. ಹೋಗುತ್ತಿಲ್ಲ ಅಂದರೆ ಫ್ರೇಮಿನಲ್ಲಿ ಯಾವುದೋ ಒಂದು ಭಾಗ ಅದರ ಜಾಗದಲ್ಲಿ ಇಲ್ಲ. ಹೊಡೆದರೆ ಬೋಲ್ಟ್ ಕೂರುತ್ತದೆ, ಆದರೆ ಓರೆ ಹಾಗೇ ಉಳಿಯುತ್ತದೆ. ಶಾಕ್ ಇರುವುದು ನೇರವಾಗಿ ಕುಗ್ಗಿ ಹಿಗ್ಗುವುದಕ್ಕೆ. ಪಕ್ಕದಿಂದ ಒತ್ತಡ ಬಿದ್ದರೆ ಅದರ ಹೊಳೆಯುವ ದಂಡದ ಒಂದೇ ಮಗ್ಗುಲು ಸವೆಯುತ್ತದೆ, ಸೀಲ್ ಹಾಳಾಗುತ್ತದೆ, ಆಮೇಲೆ ಗಾಳಿ ಸೋರುವುದು ಶುರು. ಇಂಥ ಒಂದು ಶಾಕ್‌ನ ಬೆಲೆಗೆ ಒಂದು ಸಾಧಾರಣ ಸೈಕಲ್ಲೇ ಬರುತ್ತದೆ.

ಇನ್ನು ಮನೆಯಲ್ಲಿ ಜೋಡಿಸುವ ಮಾತು. ಖಂಡಿತ ಆಗುತ್ತದೆ. ಅವಸರ ಬೇಡ ಅಷ್ಟೇ. ಒಂದು ಪೂರ್ತಿ ಭಾನುವಾರ ಇಟ್ಟುಕೊಳ್ಳಿ. ಈಗ ಬಿಗಿ ಮಾಡಿರುವುದನ್ನೆಲ್ಲ ಮತ್ತೆ ಬಿಚ್ಚಿ, ಹಳೆ ಬೆಡ್‌ಶೀಟಿನ ಮೇಲೆ ಹರಡಿಕೊಳ್ಳಿ. ಶುರುವಿನಿಂದ ಬರೋಣ.

ಕೈ ಹಾಕುವ ಮೊದಲು ಒಂದು ವಿಷಯ ಮನಸ್ಸಿಗೆ ಬಂದರೆ ಮುಂದಿನ ಕೆಲಸವೆಲ್ಲ ಸುಲಭ. ಚಕ್ರದ ಬೇರಿಂಗ್ ಸುತ್ತುತ್ತದೆ. ಪಿವಟ್ ಬೇರಿಂಗ್ ಸುತ್ತುವುದೇ ಇಲ್ಲ, ತೊಟ್ಟಿಲಿನ ಹಾಗೆ ತೂಗುತ್ತದೆ. ನಿಮ್ಮ ಫ್ರೇಮಿನಲ್ಲಿ ಹಿಂದಿನ ಚಕ್ರ 140 ಮಿಮೀ ಪೂರ್ತಿ ಮೇಲೆ ಹೋಗಿ ಬಂದರೂ, ಪೆಡಲ್ ಹತ್ತಿರದ ಮೇನ್ ಪಿವಟ್ ತಿರುಗುವುದು ಹೆಚ್ಚುಕಡಿಮೆ 20 ಡಿಗ್ರಿಯೊಳಗೆ. ಹಿಂದಿನ ಚಕ್ರದ ಹತ್ತಿರದ ಪಿವಟ್ ಅದಕ್ಕಿಂತಲೂ ಕಡಿಮೆ ತಿರುಗುತ್ತದೆ. ಅಂದರೆ ಒಳಗಿನ ಗುಂಡುಗಳು ಜೀವನಪೂರ್ತಿ ಒಂದೇ ಜಾಗದಲ್ಲಿ ಹಿಂದೆ ಮುಂದೆ ಉಜ್ಜುತ್ತಾ ಇರುತ್ತವೆ. ಸುತ್ತುವ ಬೇರಿಂಗ್‌ನಲ್ಲಿ ಗುಂಡು ಗ್ರೀಸನ್ನು ಎಳೆದು ಎಲ್ಲ ಕಡೆ ಹರಡುತ್ತದೆ. ಇಲ್ಲಿ ಆ ಭಾಗ್ಯ ಇಲ್ಲ. ಗುಂಡಿನ ಕೆಳಗಿನ ಗ್ರೀಸ್ ಪಕ್ಕಕ್ಕೆ ಸರಿದರೆ ವಾಪಸ್ ಬರುವುದಿಲ್ಲ. ಲೋಹಕ್ಕೆ ಲೋಹ ತಾಗಿ ಅಲ್ಲೇ ಸಣ್ಣ ಸಣ್ಣ ಗುಳಿ ಬೀಳುತ್ತದೆ. ನೀರೂ ಸೇರಿಕೊಂಡರೆ ಕೆಂಪು ತುಕ್ಕಿನ ಪೇಸ್ಟ್ ಆಗುತ್ತದೆ. ನಿಮ್ಮ ಬೆರಳಿಗೆ ಸಿಗುವ ಗರಗರ ಇದೇ.

ಇನ್ನೊಂದು ತೊಂದರೆ ಏನೆಂದರೆ, ಓಡಿಸುವಾಗ ಇದು ಗೊತ್ತೇ ಆಗುವುದಿಲ್ಲ. ಚಕ್ರದ ಬೇರಿಂಗ್ ಹೋದರೆ ಚಕ್ರ ಅಲ್ಲಾಡುತ್ತದೆ, ಸದ್ದು ಬರುತ್ತದೆ. ಪಿವಟ್ ಬೇರಿಂಗ್ ಹಿಡಿದುಕೊಂಡರೆ ಶಾಕ್‌ನ ಗಾಳಿಯ ಬಲದ ಮುಂದೆ ಆ ಬಿಗಿತ ಮುಚ್ಚಿಹೋಗುತ್ತದೆ. ನೀವು ಶಾಕ್ ಗಟ್ಟಿಯಾಯಿತು ಅಂದುಕೊಂಡು ಗಾಳಿ ಇಳಿಸುತ್ತೀರಿ, ರಿಬೌಂಡ್ (ಶಾಕ್ ವಾಪಸ್ ಹಿಗ್ಗುವ ವೇಗ) ತಿರುಪು ತಿರುಗಿಸುತ್ತೀರಿ. ತಪ್ಪು ಬೇರೆ ಕಡೆ ಇರುತ್ತದೆ. ಅದಕ್ಕೇ ನಾನು ಯಾವ ಫುಲ್ ಸಸ್ಪೆನ್ಷನ್ ಬಂದರೂ ಮೊದಲು ಶಾಕ್ ಬಿಚ್ಚಿಬಿಡುತ್ತೇನೆ. ಶಾಕ್ ಇಲ್ಲದೆ ಹಿಂದಿನ ಭಾಗವನ್ನು ಕೈಯಲ್ಲಿ ಎತ್ತಿ ಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಮಧ್ಯದಲ್ಲಿ ನಿಂತರೆ, ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ, ಬೇರಿಂಗ್ ಮುಗಿದಿದೆ. ಆಮೇಲೆ ಚಕ್ರ ಕೂರುವ ತುದಿಯನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಟಕ್ ಟಕ್ ಎಂದರೆ ಎಲ್ಲೋ ಲೂಸ್ ಇದೆ. ಎರಡು ನಿಮಿಷದ ಕೆಲಸ. ಇಷ್ಟು ಮಾಡಿದರೆ ಅರ್ಧ ರೋಗ ಗೊತ್ತಾಯಿತು.

ಜೋಡಿಸುವ ಮೊದಲೇ ಫ್ರೇಮಿನ ಬಿರುಕು ನೋಡಿಬಿಡಿ. ಸೆಕೆಂಡ್ ಹ್ಯಾಂಡ್ ಅಂದಮೇಲೆ ಇದನ್ನು ಬಿಡಲೇಬಾರದು. ಉಕ್ಕಿಗೆ ಒಂದು ಮಿತಿಯೊಳಗಿನ ಒತ್ತಡವನ್ನು ಎಷ್ಟು ಸಲ ಬೇಕಾದರೂ ತಡೆಯುವ ಗುಣ ಇದೆ. ಅಲ್ಯೂಮಿನಿಯಂಗೆ ಆ ಗುಣ ಇಲ್ಲ. ಸಣ್ಣ ಒತ್ತಡವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಸೋಪು ನೀರಲ್ಲಿ ತೊಳೆದು, ಒಣಗಿಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಮೇನ್ ಪಿವಟ್ ಸುತ್ತಲಿನ ವೆಲ್ಡಿಂಗ್, ಸೀಟ್ ಟ್ಯೂಬಿಗೆ (ಸೀಟಿನ ಕೊಳವೆಗೆ) ರಾಕರ್ ಲಿಂಕ್, ಅಂದರೆ ಹಿಂದಿನ ಭಾಗವನ್ನು ಶಾಕ್‌ಗೆ ಸೇರಿಸುವ ಕೊಂಡಿ ಸೇರುವ ಜಾಗ, ಚೈನ್‌ಸ್ಟೇ (ಪೆಡಲ್ ಹತ್ತಿರದಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆ) ಎರಡೂ ಕೂಡುವ ಸೇತುವೆ, ಹ್ಯಾಂಡಲ್ ಕೂರುವ ಹೆಡ್ ಟ್ಯೂಬಿನ ಕೆಳಗೆ. ಪೇಂಟಿನ ಮೇಲಿನ ಗೀರು ಉಗುರಿಗೆ ಮೇಲೆ ಮೇಲೆ ಸಿಗುತ್ತದೆ. ಬಿರುಕು ಹೆಚ್ಚಾಗಿ ವೆಲ್ಡಿಂಗ್ ಅಂಚಿನ ಪಕ್ಕದಲ್ಲೇ ಸಾಗುತ್ತದೆ, ಎಷ್ಟು ಒರೆಸಿದರೂ ಕಪ್ಪು ಗೆರೆ ಉಳಿಯುತ್ತದೆ. ನಿಮ್ಮ ಕಡೆಯ ಕೆಂಪು ಮಣ್ಣು ಇದಕ್ಕೆ ಒಳ್ಳೆ ಸಹಾಯ. ತೊಳೆದ ಮೇಲೂ ಒಂದು ಕಡೆ ಕೂದಲೆಳೆಯಷ್ಟು ಕೆಂಪು ಗೆರೆ ಉಳಿದರೆ ಅಲ್ಲಿ ಮಣ್ಣು ಒಳಗೆ ಹೊಕ್ಕಿದೆ. ಬಿರುಕು ಖಾತ್ರಿಯಾದರೆ ಆ ಫ್ರೇಮನ್ನು ಓಡಿಸಬೇಡಿ. ಊರಿನ ವೆಲ್ಡಿಂಗ್ ಅಂಗಡಿಗೂ ಕೊಡಬೇಡಿ. ಈ ಫ್ರೇಮ್‌ಗಳನ್ನು ವೆಲ್ಡ್ ಮಾಡಿದ ಮೇಲೆ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಮತ್ತೆ ವೆಲ್ಡ್ ಮಾಡಿದರೆ ಆ ಗಟ್ಟಿತನ ಅಲ್ಲೇ ಹೋಗುತ್ತದೆ.

ಈಗ ಬೇರಿಂಗ್. ಗರಗರ ಅನ್ನುವುದು ಒಂದೇ ಆದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಒಂದೇ ವಯಸ್ಸಿನವು, ಒಂದೇ ನೀರು ಕುಡಿದವು. ಬೇರಿಂಗ್‌ನ ಪಕ್ಕದ ರಬ್ಬರ್ ಸೀಲಿನ ಮೇಲೆ ನಂಬರ್ ಇರುತ್ತದೆ. 6902 ಅಂದರೆ ಒಳಗಿನ ತೂತು 15, ಹೊರಗಿನ ಅಳತೆ 28, ದಪ್ಪ 7 ಮಿಮೀ. 6802 ಅಂದರೆ 15, 24, 5. 6900 ಅಂದರೆ 10, 22, 6. ಕೆಲವು ಕಂಪನಿಗಳು ಇದನ್ನೇ 61902, 61802, 61900 ಎಂದು ಬರೆಯುತ್ತವೆ, ಗಾಬರಿ ಬೇಡ. ಬೆಂಗಳೂರಿನ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಕಡೆಯ ಬೇರಿಂಗ್ ಅಂಗಡಿಗಳಲ್ಲಿ ನಂಬರ್ ಹೇಳಿ ಕೇಳಿ. ಸೈಕಲ್ ಬೇರಿಂಗ್ ಎಂದು ಕೇಳಬೇಡಿ, ಕೊನೆಗೆ 2ಆರ್‌ಎಸ್ ಎಂದು ಮಾತ್ರ ಮರೆಯದೆ ಹೇಳಿ. ಅಂದರೆ ಎರಡೂ ಕಡೆ ರಬ್ಬರ್ ಸೀಲ್. ಝಡ್‌ಝಡ್ ಎಂದರೆ ಲೋಹದ ಮುಚ್ಚಳ. ಅದು ದೂಳು ತಡೆಯುತ್ತದೆ, ನಿಮ್ಮ ಜುಲೈ ಮಳೆಯನ್ನು ತಡೆಯುವುದಿಲ್ಲ.

ಎರಡು ವಿಷಯ ಗಮನಿಸಿ. ಹಳೆ ಬೇರಿಂಗ್‌ನ ಒಳ ಉಂಗುರ ಒಂದು ಕಡೆ ಸ್ವಲ್ಪ ಹೊರಗೆ ಚಾಚಿಕೊಂಡಿದ್ದರೆ ಅದು ಪಿವಟ್‌ಗೆಂದೇ ಮಾಡಿದ್ದು. ಮಾಮೂಲಿ ಬೇರಿಂಗ್ ಅಲ್ಲಿ ಕೂರುವುದಿಲ್ಲ, ಸೈಕಲ್ ಕಂಪನಿಯಿಂದಲೇ ತರಿಸಬೇಕು. ಇನ್ನೊಂದು, ಸೀಲ್ ಮೇಲೆ ಮ್ಯಾಕ್ಸ್ ಎಂದು ಬರೆದಿರಬಹುದು. ಮಾಮೂಲಿ ಬೇರಿಂಗ್‌ನಲ್ಲಿ ಗುಂಡುಗಳ ನಡುವೆ ಅಂತರ ಇಡುವ ಪಂಜರ ಇರುತ್ತದೆ. ಮ್ಯಾಕ್ಸ್‌ನಲ್ಲಿ ಪಂಜರ ತೆಗೆದು ಆ ಜಾಗಕ್ಕೂ ಗುಂಡು ತುಂಬಿರುತ್ತಾರೆ. ಜೋರಾಗಿ ಸುತ್ತಿದರೆ ಗುಂಡಿಗೆ ಗುಂಡು ಉಜ್ಜುತ್ತದೆ, ಚಕ್ರಕ್ಕೆ ಅದು ಒಳ್ಳೆಯದಲ್ಲ. ಆದರೆ ಇಲ್ಲಿ ಸುತ್ತುವ ಮಾತೇ ಇಲ್ಲ ಅಲ್ವಾ, ಭಾರ ಹೊರುವುದೇ ಮುಖ್ಯ. ಸಿಕ್ಕರೆ ಇದನ್ನೇ ಹಾಕಿ. ಸಿಗದಿದ್ದರೆ ಮಾಮೂಲಿ ಬೇರಿಂಗನ್ನು ವರ್ಷಕ್ಕೊಮ್ಮೆ ಬದಲಿಸಿದರೂ ನಡೆಯುತ್ತದೆ.

ಹೊಸ ಬೇರಿಂಗ್ ಕೈಗೆ ಬಂದ ತಕ್ಷಣ ಕೂರಿಸಬೇಡಿ. ಒಳಗೆ ಗ್ರೀಸ್ ಇರುವುದು ಖಾಲಿ ಜಾಗದ ಮೂರನೇ ಒಂದು ಭಾಗದಷ್ಟೇ. ಅದು ಮೋಟಾರಿನಲ್ಲಿ ಸಾವಿರಗಟ್ಟಲೆ ಸುತ್ತು ಸುತ್ತುವುದಕ್ಕೆ ಸರಿ, ಗ್ರೀಸ್ ಜಾಸ್ತಿಯಾದರೆ ಅಲ್ಲಿ ಬಿಸಿಯಾಗುತ್ತದೆ. ನಮಗೆ ಬಿಸಿಯಾಗುವ ಭಯ ಇಲ್ಲ, ನೀರಿನ ಭಯ ಇದೆ. ಸೀಲನ್ನು ಸೂಜಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿ, ಒಳಗೆ ಗ್ರೀಸನ್ನು ಅಂಚಿನವರೆಗೂ ತುಂಬಿ, ಸೀಲ್ ಮತ್ತೆ ಒತ್ತಿ ಕೂರಿಸಿ. ಎರಡೂ ಕಡೆ ಮಾಡಿ. ದೋಣಿಗಳಿಗೆ ಬಳಸುವ ನೀರು ತಡೆಯುವ ಮೆರೈನ್ ಗ್ರೀಸ್ ಇದ್ದರೆ ತುಂಬ ಒಳ್ಳೆಯದು. ಇಲ್ಲದಿದ್ದರೆ ಗ್ಯಾರೇಜಿನ ಎಪಿ-3 ಗ್ರೀಸ್ ತುಂಬಿದರೂ ಅರ್ಧ ಖಾಲಿ ಬೇರಿಂಗಿಗಿಂತ ಎಷ್ಟೋ ಮೇಲು. ಹೀಗೆ ತುಂಬಿದ ಬೇರಿಂಗ್ ಬೆರಳಲ್ಲಿ ಸ್ವಲ್ಪ ಭಾರವಾಗಿ ತಿರುಗುತ್ತದೆ. ಚಿಂತೆ ಬೇಡ, ಹಾಗೇ ಇರಬೇಕು.

ಕೂರಿಸುವಾಗ ಒಂದೇ ನಿಯಮ. ಹೊರ ಉಂಗುರವನ್ನು ಮಾತ್ರ ಒತ್ತಬೇಕು. ಒಳ ಉಂಗುರದ ಮೇಲೆ ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೂಲಕ ಹಾದು ಹೋಗುತ್ತದೆ, ಹೊಸ ಬೇರಿಂಗ್ ಒಂದು ದಿನವೂ ಓಡದೆ ಗುಳಿ ಬೀಳುತ್ತದೆ. ಬೇರಿಂಗ್ ಪ್ರೆಸ್ ದುಡ್ಡು ಕೊಟ್ಟು ತರಬೇಕಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಅಡಿ ಉದ್ದದ ಎಂ8 ಥ್ರೆಡ್ ರಾಡ್, ಎರಡು ನಟ್ಟು, ನಾಲ್ಕು ದಪ್ಪ ವಾಷರ್ ತನ್ನಿ. ಹತ್ತಿರದ ಲೇತ್ ಅಂಗಡಿಯಲ್ಲಿ ಎರಡು ಬಿಲ್ಲೆ ಮಾಡಿಸಿ. 28 ಮಿಮೀ ಬೇರಿಂಗಿಗೆ 27.5 ಮಿಮೀ ಬಿಲ್ಲೆ, ಮಧ್ಯ ರಾಡ್ ಹೋಗುವ ತೂತು, ಒಳ ಉಂಗುರಕ್ಕೆ ತಾಗದ ಹಾಗೆ ಮುಖದಲ್ಲಿ ಸ್ವಲ್ಪ ತಗ್ಗು. ಇನ್ನೊಂದು ಬದಿಗೆ, ಹಳೆ ಬೇರಿಂಗ್ ಒಳಗೆ ಬಂದು ಬೀಳುವಷ್ಟು ಅಗಲದ ಟೊಳ್ಳು ಬುಶ್. ನಾನು ಬಳಸುವ ಹಲವು ಬಿಲ್ಲೆಗಳು ಹೀಗೆ ಲೇತಿನಲ್ಲಿ ಮಾಡಿಸಿದವೇ. ಹತ್ತಾರು ಫ್ರೇಮ್ ಕಂಡಿವೆ, ಇನ್ನೂ ಗಟ್ಟಿಯಾಗಿವೆ.

ಬೇರಿಂಗ್ ಹೊರಗೆ ಬಾರದೆ ಹಟ ಮಾಡಿದರೆ ಹೇರ್ ಡ್ರೈಯರ್ ಹಿಡಿದು ಸುತ್ತಲಿನ ಅಲ್ಯೂಮಿನಿಯಂ ಬಿಸಿ ಮಾಡಿ. ಕೈ ಇಟ್ಟರೆ ಸುಡುವುದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಿ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ಹಿಡಿತ ಸಡಿಲವಾಗುತ್ತದೆ. ಹೊಸದನ್ನು ಹಾಕುವಾಗ ಇದೇ ಉಪಾಯ ತಿರುಗಿಸಿ. ಹಿಂದಿನ ರಾತ್ರಿ ಬೇರಿಂಗ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಲಿಂಕ್ ಬೆಚ್ಚಗೆ ಮಾಡಿ ಒತ್ತಿದರೆ ಎಷ್ಟು ಸಲೀಸಾಗಿ ಕೂರುತ್ತದೆ ನೋಡಿ. ಓರೆಯಾಗಿ ಶುರುವಾದರೆ ಅಲ್ಲೇ ನಿಲ್ಲಿಸಿ, ಹೊರಗೆ ತೆಗೆದು ಮತ್ತೆ ಇಡಿ. ಬೇರಿಂಗ್ ಸುಮ್ನೆ ಬೆರಳಲ್ಲೇ ಒಳಗೆ ಬಿದ್ದುಬಿಟ್ಟರೆ ಅದೂ ಒಳ್ಳೆಯ ಲಕ್ಷಣ ಅಲ್ಲ, ಕೂರುವ ಜಾಗ ಸವೆದಿದೆ. ತೀರಾ ಸ್ವಲ್ಪ ಸಡಿಲ ಇದ್ದರೆ ಲೊಕ್‌ಟೈಟ್ 641 ಎಂಬ ಬೇರಿಂಗ್ ಹಿಡಿಯುವ ಅಂಟು ಸಿಗುತ್ತದೆ, ಅದರಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣುವಷ್ಟು ಸಂದು ಇದ್ದರೆ ಆ ಲಿಂಕನ್ನೇ ಬದಲಿಸಬೇಕು.

ಈಗ ನಿಮ್ಮ ಎರಡು ಮಿಮೀ ಓರೆಯ ಕಥೆಗೆ ಬರೋಣ. ಬಹುಶಃ ಕಾರಣ ಇಷ್ಟೇ: ನೀವು ಪಿವಟ್‌ಗಳನ್ನೆಲ್ಲ ಪೂರ್ತಿ ಬಿಗಿ ಮಾಡಿ ಆಮೇಲೆ ಶಾಕ್ ತಂದಿರಿ. ಮೊದಲ ಸಲ ಮಾಡುವವರಲ್ಲಿ ಹೆಚ್ಚಿನವರು ಹೀಗೇ ಮಾಡುತ್ತಾರೆ. ಮೊದಲು ಮೇನ್ ಪಿವಟ್, ಆಮೇಲೆ ರಾಕರ್ ಲಿಂಕ್, ಆಮೇಲೆ ಸೀಟ್‌ಸ್ಟೇ (ಲಿಂಕಿನಿಂದ ಹಿಂದಿನ ಚಕ್ರಕ್ಕೆ ಇಳಿಯುವ ಕೊಳವೆ). ಎಲ್ಲ ಬೋಲ್ಟನ್ನೂ ಬೆರಳಿನ ಬಿಗಿಯಲ್ಲೇ ಬಿಡಿ. ಶಾಕ್‌ನ ಎರಡೂ ಬೋಲ್ಟ್ ಕೈಯಲ್ಲೇ ತೂರಿಸಿ ನೋಡಿ. ಹೋದವೇ? ಸರಿ, ಶಾಕ್ ಮತ್ತೆ ಹೊರಗೆ ತೆಗೆಯಿರಿ. ಹಿಂದಿನ ಭಾಗವನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಿ. ಎಲ್ಲವೂ ತಮ್ಮ ತಮ್ಮ ಜಾಗ ಹುಡುಕಿಕೊಳ್ಳುತ್ತವೆ. ಆಮೇಲೆ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಎಂದು ತೋರಿಸುವ ಕೀಲಿ) ಹಿಡಿದು ಮೇನ್ ಪಿವಟ್‌ನಿಂದ ಶುರು ಮಾಡಿ. ಪ್ರತಿ ಬೋಲ್ಟ್ ಬಿಗಿಯಾದ ಮೇಲೆ ಹಿಂದಿನ ಭಾಗವನ್ನು ಎತ್ತಿ ಬಿಡಿ. ಮೂರನೇ ಬೋಲ್ಟ್ ತನಕ ಸಲೀಸಾಗಿ ಇಳಿಯುತ್ತಿದ್ದದ್ದು ನಾಲ್ಕನೆಯದಕ್ಕೆ ನಿಂತಿತೇ? ತಪ್ಪು ನಾಲ್ಕನೆಯದರಲ್ಲೇ ಇದೆ, ಬೇರೆಲ್ಲೂ ಹುಡುಕಬೇಕಿಲ್ಲ. ಶಾಕ್ ಕೊನೆಗೆ.

ಹೀಗೆ ಮಾಡಿದರೂ ಕೂರದಿದ್ದರೆ ವಾಷರ್‌ಗಳನ್ನು ನೋಡಿ. ಬೇರಿಂಗ್ ಮತ್ತು ಲಿಂಕ್ ನಡುವೆ ಟೋಪಿಯ ಹಾಗಿನ ತೆಳು ವಾಷರ್ ಇರುತ್ತದೆ. ಅದು ಒಳ ಉಂಗುರಕ್ಕೆ ಮಾತ್ರ ತಾಗಿ, ಹೊರ ಉಂಗುರಕ್ಕೆ ಜಾಗ ಬಿಡುತ್ತದೆ. ಒಂದೇ ಕವರಿನಲ್ಲಿ ಬಂದಿವೆ ಅಂದಿರಲ್ಲ, ದಪ್ಪ ಬೇರೆ ಬೇರೆ ಇರಬಹುದು. ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆದು ಜೋಡಿ ಮಾಡಿಕೊಳ್ಳಿ. ಫ್ರೇಮ್ ಕಂಪನಿಯ ವೆಬ್‌ಸೈಟಿನಲ್ಲಿ ಪ್ರತಿ ಭಾಗವನ್ನೂ ಬಿಡಿಸಿ ತೋರಿಸುವ ಚಿತ್ರ ಸಾಮಾನ್ಯವಾಗಿ ಸಿಗುತ್ತದೆ. ಅದನ್ನು ಪ್ರಿಂಟ್ ಹಾಕಿಸಿ ಎದುರಿಗಿಟ್ಟುಕೊಳ್ಳಿ. ಇನ್ನೊಂದು ಸಾಧ್ಯತೆ, ಯಾವುದೋ ಬೇರಿಂಗ್ ತಳದವರೆಗೆ ಕೂತಿಲ್ಲ. ಒಂದು ಮಿಮೀ ಎದ್ದು ನಿಂತರೂ ಲಿಂಕನ್ನು ಪಕ್ಕಕ್ಕೆ ತಳ್ಳುತ್ತದೆ. ಶಾಕ್ ಕಣ್ಣಿನ (ತುದಿಯಲ್ಲಿ ಬೋಲ್ಟ್ ಹೋಗುವ ತೂತಿನ) ಎರಡು ಬದಿಯ ಸ್ಪೇಸರ್‌ಗಳನ್ನೂ ನೋಡಿ, ಮುಂದಿನ ಕಣ್ಣಿನದೂ ಹಿಂದಿನದೂ ಅಗಲ ಬೇರೆ ಇರುವುದು ಮಾಮೂಲು. ಇದೆಲ್ಲ ಸರಿಯಿದ್ದರೂ ಓರೆ ಉಳಿದರೆ ಫ್ರೇಮ್ ಬಾಗಿರಬಹುದು. ಹಿಂದಿನ ಒಂದು ತುದಿಯಿಂದ ನೂಲು ಕಟ್ಟಿ, ಹೆಡ್ ಟ್ಯೂಬ್ ಬಳಸಿ, ಇನ್ನೊಂದು ತುದಿಗೆ ಎಳೆದು ಕಟ್ಟಿ. ಸೀಟ್ ಟ್ಯೂಬಿನಿಂದ ಎರಡೂ ಬದಿಯ ನೂಲಿಗೆ ಇರುವ ದೂರ ಅಳೆಯಿರಿ. ಕೆಲವು ಫ್ರೇಮ್‌ಗಳಲ್ಲಿ ಬೇಕೆಂದೇ ಹಿಂದಿನ ಭಾಗವನ್ನು ಚೈನ್ ಕಡೆಗೆ ಕೆಲವು ಮಿಮೀ ಸರಿಸಿರುತ್ತಾರೆ. ನಿಮ್ಮದು ಅಂಥದ್ದಲ್ಲದೆ ದೂರದಲ್ಲಿ ವ್ಯತ್ಯಾಸ ಬಂದರೆ ಅದು ಮನೆಯಲ್ಲಿ ಸರಿಯಾಗುವ ಕೆಲಸ ಅಲ್ಲ.

ಟಾರ್ಕ್ ರೆಂಚ್ ಬೇಕೇ ಬೇಕು. ಈ ಕೆಲಸಕ್ಕೆ ಒಂದೇ ಒಂದು ಉಪಕರಣ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಪಿವಟ್ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 8ರಿಂದ 20 ನ್ಯೂಟನ್ ಮೀಟರ್ ಒಳಗಿನ ಅಂಕಿ ಇರುತ್ತದೆ, ಬೋಲ್ಟ್ ತಲೆಯ ಮೇಲೆ ಅಥವಾ ಕಂಪನಿಯ ಚಿತ್ರದಲ್ಲಿ ಬರೆದಿರುತ್ತಾರೆ. ಅದೇ ಅಂಕಿ, ಜಾಸ್ತಿಯೂ ಬೇಡ ಕಡಿಮೆಯೂ ಬೇಡ. 10 ನ್ಯೂಟನ್ ಮೀಟರ್ ಎಂದರೆ ಎಷ್ಟು ಎಂದು ತಿಳಿಯಬೇಕಾದರೆ, 20 ಸೆಂಟಿಮೀಟರ್ ಉದ್ದದ ಕೀಲಿಯ ತುದಿಗೆ 5 ಕೆಜಿ ಅಕ್ಕಿ ಚೀಲ ನೇತು ಹಾಕಿದಂತೆ. ಕೈಗೆ ಅದು ಅಷ್ಟೇನೂ ಬಿಗಿ ಅನ್ನಿಸುವುದಿಲ್ಲ, ಇನ್ನೊಂದು ಸುತ್ತು ಹಾಕೋಣ ಎನ್ನಿಸುತ್ತದೆ. ಮೊದಮೊದಲು ನಾನೂ ಕೈಲೆಕ್ಕದಲ್ಲೇ ಬಿಗಿ ಮಾಡುತ್ತಿದ್ದೆ. ಒಬ್ಬ ಹುಡುಗನ ಫ್ರೇಮಿನಲ್ಲಿ ರಾಕರ್ ಬೋಲ್ಟಿನ ಥ್ರೆಡ್ ನನ್ನ ಕೈಯಲ್ಲೇ ಎದ್ದು ಬಂತು. ಹೊಸ ಥ್ರೆಡ್ ಇನ್ಸರ್ಟ್ ಹಾಕಿಸಿ ಕೊಟ್ಟೆ. ಆದರೆ ಅವನು ವರ್ಷಗಟ್ಟಲೆ ದುಡ್ಡು ಕೂಡಿಟ್ಟು ತಂದ ಫ್ರೇಮ್ ಅದು. ಅವನ ಮುಖ ಇನ್ನೂ ನೆನಪಿದೆ.

ಬೋಲ್ಟ್ ಹಾಕುವ ಮೊದಲು ಹಳೆ ಅಂಟು, ಗ್ರೀಸ್ ಎಲ್ಲ ಒರೆಸಿ. ಥ್ರೆಡ್‌ಗೆ ನೀಲಿ ಬಣ್ಣದ ಲೊಕ್‌ಟೈಟ್ 243 ಒಂದು ಹನಿ. ಬೇರಿಂಗ್ ಒಳಗೆ ಹೋಗುವ ನುಣುಪು ಭಾಗಕ್ಕೆ ತೆಳುವಾಗಿ ಗ್ರೀಸ್. ಇವೆರಡನ್ನೂ ಬೆರೆಸಬೇಡಿ. ಅಂಟು ಬೇರಿಂಗ್ ಒಳಗೆ ಇಳಿದರೆ ಬೇರಿಂಗೇ ಅಂಟಿಕೊಳ್ಳುತ್ತದೆ. ಕೆಂಪು ಬಣ್ಣದ ಅಂಟಂತೂ ಮುಟ್ಟಲೇಬೇಡಿ, ಮುಂದೆ ಬಿಚ್ಚುವಾಗ ಬೋಲ್ಟಿನ ತಲೆಯೇ ಹೋದೀತು. ಬಿಗಿಯಾದ ಮೇಲೆ ಮನೆಯಲ್ಲಿರುವ ಉಗುರು ಬಣ್ಣದಿಂದ ಬೋಲ್ಟ್ ತಲೆಯಿಂದ ಫ್ರೇಮಿನ ಮೇಲೆ ಹಾಯುವ ಹಾಗೆ ಒಂದು ಗೆರೆ ಎಳೆಯಿರಿ. ಬೋಲ್ಟ್ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಅಂಟು ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು, ಆ ದಿನ ಓಡಿಸಬೇಡಿ.

ಶಾಕ್‌ನ ಕಣ್ಣಿನಲ್ಲಿ ಬೇರಿಂಗ್ ಬದಲು ಸಣ್ಣ ಬುಶ್ ಇರುವುದೇ ಹೆಚ್ಚು. ಅದು ಸವೆದಿದೆಯೇ ಎಂದು ನೋಡಲು ಸೈಕಲ್ ಪೂರ್ತಿ ಜೋಡಿಸಿದ ಮೇಲೆ ಸೀಟನ್ನು ಕೂದಲೆಳೆಯಷ್ಟು ಮೇಲಕ್ಕೆ ಎತ್ತಿ ಬಿಡಿ, ಇನ್ನೊಂದು ಕೈಯ ಬೆರಳು ಶಾಕ್ ಕಣ್ಣಿನ ಮೇಲೆ ಇರಲಿ. ಚಕ್ರ ಏಳುವ ಮೊದಲೇ ಬೆರಳಿಗೆ ಟಿಕ್ ಎಂದು ಸಿಕ್ಕರೆ ಬುಶ್ ಮುಗಿದಿದೆ. ಕಡಿಮೆ ಬೆಲೆಯ ಭಾಗ, ಬದಲಿಸಿಬಿಡಿ.

ಗಾಳಿಯ ಲೆಕ್ಕ ಹೀಗೆ. ನಿಮ್ಮ ಶಾಕ್ ಕುಗ್ಗುವುದು 55 ಮಿಮೀ, ಚಕ್ರ ಏಳುವುದು 140. ಅಂದರೆ ಶಾಕ್ ಒಂದು ಮಿಮೀ ಕುಗ್ಗಿದರೆ ಚಕ್ರ ಸರಾಸರಿ ಎರಡೂವರೆ ಮಿಮೀ ಏಳುತ್ತದೆ. ಅದಕ್ಕೇ ಶಾಕ್ ಹತ್ತಿರದ ಸಣ್ಣ ತಪ್ಪೂ ಹಿಂದೆ ದೊಡ್ಡದಾಗಿ ಕಾಣುವುದು. ನಿಮ್ಮ ತೂಕವನ್ನು ಪೌಂಡಿನಲ್ಲಿ ಲೆಕ್ಕ ಹಾಕಿ ಅಷ್ಟೇ ಪಿಎಸ್ಐ ಇಂದ ಶುರು ಮಾಡಿ. 75 ಕೆಜಿ ಇದ್ದರೆ 165. ಇದಕ್ಕೆ ಶಾಕ್ ಪಂಪೇ ಬೇಕು, ಟ್ಯೂಬಿಗೆ ಹೊಡೆಯುವ ಪಂಪ್ ಬೇಡ. 50 ಪಿಎಸ್ಐ ಹೊಡೆದಾಗಲೆಲ್ಲ ಸೈಕಲ್ ಮೇಲೆ ನಿಧಾನವಾಗಿ ಹತ್ತು ಸಲ ಒತ್ತಿ, ಒಳಗಿನ ಎರಡು ಕೋಣೆಗಳಲ್ಲೂ ಗಾಳಿ ಸಮ ಆಗುತ್ತದೆ. ಆಮೇಲೆ ಹೆಲ್ಮೆಟ್, ಬ್ಯಾಗು, ನೀರು ಎಲ್ಲ ಹಾಕಿಕೊಂಡು ಗೋಡೆ ಹಿಡಿದು ಪೆಡಲ್ ಮೇಲೆ ನಿಲ್ಲಿ. ಶಾಕ್ ಮೇಲಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಿ, ಮೆಲ್ಲಗೆ ಇಳಿಯಿರಿ. ಉಂಗುರ 15ರಿಂದ 16.5 ಮಿಮೀ ಸರಿದಿರಲಿ. ಜಾಸ್ತಿ ಸರಿದರೆ ಗಾಳಿ ಹಾಕಿ, ಕಡಿಮೆಯಾದರೆ ತೆಗೆಯಿರಿ. ಪಿಎಸ್ಐ ಅಂಕಿ ಮುಖ್ಯ ಅಲ್ಲ, ಈ ಮಿಮೀ ಮುಖ್ಯ.

ಒಂದು ಎಚ್ಚರಿಕೆ. ಶಾಕ್ ಕುಗ್ಗಿದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ, ವಾಲ್ವಿನಲ್ಲಿ ಗಾಳಿ ಇಲ್ಲದಿದ್ದರೂ ಅದನ್ನು ಬಿಚ್ಚಲು ಹೋಗಬೇಡಿ. ಒಳಗಿನ ಇನ್ನೊಂದು ಕೋಣೆಯಲ್ಲಿ ಗಾಳಿ ಒತ್ತಡ ಉಳಿದಿರುತ್ತದೆ, ಸಿಡಿದರೆ ಕೈ, ಕಣ್ಣು ಹೋಗುತ್ತದೆ. ಅಂಥದ್ದನ್ನು ಸಸ್ಪೆನ್ಷನ್ ಸರ್ವಿಸ್ ಮಾಡುವವರಿಗೇ ಕೊಡಿ. ಎಣ್ಣೆ ಇರುವ ಡ್ಯಾಂಪರ್ ಭಾಗವೂ ಅವರ ಕೆಲಸವೇ.

ಉಳಿದ ಜೋಡಣೆ ಮಾಮೂಲಿ ಸೈಕಲ್ಲಿನ ಹಾಗೇ, ಆದರೆ ಎರಡು ಕಡೆ ಫುಲ್ ಸಸ್ಪೆನ್ಷನ್ ಬೇರೆ. ಚೈನಿನ ಉದ್ದ ಮತ್ತು ಕೇಬಲ್. ಚಕ್ರ ಮೇಲೆ ಹೋದಂತೆ ಪೆಡಲ್ ಹಲ್ಲಿನಿಂದ ಹಿಂದಿನ ಆಕ್ಸಲ್‌ಗೆ ಇರುವ ದೂರ ಹೆಚ್ಚಾಗುತ್ತದೆ. ಶಾಕ್ ಪೂರ್ತಿ ಹಿಗ್ಗಿ ನಿಂತ ಸ್ಥಿತಿಯಲ್ಲಿ ಅಳೆದು ಚೈನ್ ಕತ್ತರಿಸಿದರೆ, ದೊಡ್ಡ ಗುಂಡಿಗೆ ಇಳಿದಾಗ ಗೇರ್ ಬದಲಿಸುವ ಡಿರೇಲರ್ ಕಿತ್ತು ಬರುತ್ತದೆ. ಗಾಳಿ ಪೂರ್ತಿ ಬಿಟ್ಟು, ಹಿಂದಿನ ಭಾಗ ಮೇಲಕ್ಕೆತ್ತಿ, ದೂರ ಅತಿ ಹೆಚ್ಚಾಗುವ ಜಾಗದಲ್ಲಿ ನಿಲ್ಲಿಸಿ ಚೈನ್ ಅಳೆಯಿರಿ. ಅದೇ ಸ್ಥಿತಿಯಲ್ಲಿ ಬ್ರೇಕ್ ಹೋಸ್, ಗೇರ್ ಕೇಬಲ್ ಪಿವಟ್ ಹತ್ತಿರ ಎಳೆದುಕೊಳ್ಳುತ್ತವೆಯೇ, ಟೈರ್ ಸೀಟ್ ಟ್ಯೂಬಿಗೆ ತಾಗುತ್ತದೆಯೇ, ಸೀಟ್ ಪೂರ್ತಿ ಇಳಿಸಿದರೆ ಟೈರಿಗೆ ಬಡಿಯುತ್ತದೆಯೇ ನೋಡಿಬಿಡಿ. ಕೇಬಲ್ ಉಜ್ಜುವ ಕಡೆಗಳಲ್ಲಿ ಕಾರ್ ಆಕ್ಸೆಸರಿ ಅಂಗಡಿಯಲ್ಲಿ ಸಿಗುವ ಪೇಂಟ್ ಕಾಪಾಡುವ ಪಿಪಿಎಫ್ ಫಿಲ್ಮ್ ಅಂಟಿಸಿ. ಕೆಸರು ಮೆತ್ತಿದ ಕೇಬಲ್ ಅರದ ಹಾಗೆ. ಒಂದೇ ಮಳೆಗಾಲದಲ್ಲಿ ಪೇಂಟ್ ದಾಟಿ ಲೋಹಕ್ಕೆ ಇಳಿಯುತ್ತದೆ.

ಕೊನೆಗೆ ಮಳೆ. ಮೂಡಿಗೆರೆಯ ಮಳೆಯಲ್ಲಿ ಸೈಕಲ್ ಒದ್ದೆಯಾಗಬಾರದು ಎಂದರೆ ಆಗದ ಮಾತು. ಒದ್ದೆಯಾಗಲಿ. ಕೆಡುವುದು ಹೆಚ್ಚಾಗಿ ತೊಳೆಯುವಾಗ. ತೋಟಕ್ಕೆ ಔಷಧಿ ಹೊಡೆಯುವ ಪಂಪು, ಜೀಪ್ ತೊಳೆಯುವ ಪ್ರೆಶರ್ ವಾಷರ್ ಮನೆಯಲ್ಲೇ ಇರುತ್ತದೆ, ಕೈ ತಾನಾಗಿ ಅತ್ತ ಹೋಗುತ್ತದೆ. ಪಿವಟ್ ಕಡೆ ಅದನ್ನು ಹಿಡಿಯಬೇಡಿ. ಬೇರಿಂಗ್ ಸೀಲ್ ಮಳೆಹನಿ ತಡೆಯುತ್ತದೆ, ಆ ಧಾರೆಯನ್ನು ತಡೆಯುವುದಿಲ್ಲ. ಬಕೆಟ್ ನೀರು, ಕಾರ್ ಶಾಂಪೂ, ಮೆತ್ತನೆ ಬ್ರಶ್ ಸಾಕು. ಡೀಸೆಲ್, ಸೀಮೆಎಣ್ಣೆ, ಡಬ್ಲ್ಯೂಡಿ-40 ಯಾವುದನ್ನೂ ಪಿವಟ್‌ಗೆ ಹಾಕಬೇಡಿ. ಹಾಕಿದ ದಿನ ಸದ್ದು ನಿಲ್ಲುತ್ತದೆ, ನಿಜ. ಒಳಗಿನ ಗ್ರೀಸೂ ಜೊತೆಗೇ ಕರಗಿ ಹೋಗುತ್ತದೆ. ಅದರ ಒಂದು ಹನಿ ಬ್ರೇಕ್ ಡಿಸ್ಕ್ ಮೇಲೆ ಬಿದ್ದರೆ ಇಳಿಜಾರಿನಲ್ಲಿ ಬ್ರೇಕೇ ಹಿಡಿಯದು. ತೊಳೆದ ಮೇಲೆ ಶಾಕ್‌ನ ಹೊಳೆಯುವ ದಂಡ ಮತ್ತು ಸೀಲಿನ ಸುತ್ತ ಒಣಬಟ್ಟೆಯಲ್ಲಿ ಒರೆಸಿ. ತಿಂಗಳಿಗೊಮ್ಮೆ ಸೀಟ್‌ಪೋಸ್ಟ್ ಹೊರಗೆ ತೆಗೆದು ಸೈಕಲ್ ಬೋರಲು ಹಾಕಿ. ಸೀಟ್ ಟ್ಯೂಬ್ ಒಳಗಿನಿಂದ ಬರುವ ನೀರು ಕಂಡು ನಿಮಗೇ ಆಶ್ಚರ್ಯ ಆಗುತ್ತದೆ.

ವರ್ಷದ ಲೆಕ್ಕ ನಿಮ್ಮ ಕಡೆಗೆ ಹೀಗಿರಲಿ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಶಾಕ್ ಬಿಚ್ಚಿ ಹಿಂದಿನ ಭಾಗ ಎತ್ತಿ ಬಿಡುವ ಪರೀಕ್ಷೆ ಮಾಡಿ. ಸೀಲ್‌ಗಳನ್ನು ಎಬ್ಬಿಸಿ ಗ್ರೀಸ್ ಮತ್ತೆ ತುಂಬಿ. ಆಗಸ್ಟ್‌ನಲ್ಲಿ ಪರೀಕ್ಷೆ ಮಾತ್ರ. ಅಕ್ಟೋಬರ್‌ನಲ್ಲಿ ಪೂರ್ತಿ ಬಿಚ್ಚಿ, ಒಂದರಲ್ಲಿ ಗರಗರ ಇದ್ದರೂ ಎಲ್ಲವನ್ನೂ ಬದಲಿಸಿ. ಕಿಲೋಮೀಟರ್ ಲೆಕ್ಕ ನೋಡಬೇಡಿ, ಮೂಲೆಯಲ್ಲಿ ನಿಂತ ಸೈಕಲ್ಲಿನಲ್ಲೂ ಒಳಗಿನ ನೀರು ತನ್ನ ಕೆಲಸ ಮಾಡುತ್ತಿರುತ್ತದೆ. ಶಾಕ್‌ನ ಏರ್ ಕ್ಯಾನ್ (ಗಾಳಿ ತುಂಬುವ ಹೊರ ಕೊಳವೆ) ಸೀಲ್‌ಗಳನ್ನು ಎಷ್ಟು ಗಂಟೆಗೊಮ್ಮೆ ಬದಲಿಸಬೇಕು ಎಂದು ಶಾಕ್ ಕಂಪನಿ ಹೇಳಿರುತ್ತದೆ. ರಾಕ್‌ಶಾಕ್ಸ್ ಹೇಳುವುದು 50 ಗಂಟೆ ಸವಾರಿಗೊಮ್ಮೆ. ವಾರಕ್ಕೆ ಎರಡು ಗಂಟೆ ಓಡಿಸಿದರೆ ಆರು ತಿಂಗಳಿಗೆ ಬಂತು.

ಮೊದಲ ಸವಾರಿ ಮನೆ ಹತ್ತಿರವೇ ಇರಲಿ, ಅರ್ಧ ಗಂಟೆ ಸಾಕು. ವಾಪಸ್ ಬಂದು ಉಗುರು ಬಣ್ಣದ ಗೆರೆಗಳನ್ನು ಒಂದೊಂದಾಗಿ ನೋಡಿ. ಎಲ್ಲಾದರೂ ಗೆರೆ ಮುರಿದಿದ್ದರೆ ಬರೀ ಬಿಗಿ ಮಾಡಿ ಬಿಡಬೇಡಿ. ಆ ಬೋಲ್ಟ್ ಬಿಚ್ಚಿ, ಒರೆಸಿ, ಹೊಸ ಹನಿ ಹಾಕಿ, ಮತ್ತೆ ಟಾರ್ಕ್ ಕೊಡಿ. ವಾಷರ್ ಅಳೆದು, ಬೆರಳಿನ ಬಿಗಿಯಲ್ಲಿ ಜೋಡಿಸಿದ ಮೇಲೂ ಶಾಕ್ ಬೋಲ್ಟ್ ಕೂರದಿದ್ದರೆ ರಾಕರ್ ಲಿಂಕಿನ ಎರಡೂ ಬದಿ, ಶಾಕ್ ಕಣ್ಣು ಮತ್ತು ವಾಷರ್‌ಗಳ ಫೋಟೊ ತೆಗೆದು, ಅಳತೆ ಬರೆದು ಕಳಿಸಿ. ನೋಡಿ ಹೇಳುತ್ತೇನೆ.